ಡಿಕ್ಕಿಯಲ್ಲಿ ಎಜಿಎಂ

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಸವೆಸಿದವನ ಕಿವಿಗೆ ಎಜಿಎಂ ಎಂಬ ಮೂರಕ್ಷರ ಬಿದ್ದರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅಸಿಸ್ಟೆಂಟ್ ಜನರಲ್ ಮ್ಯಾನೇಜರ್! ಎಜಿಎಂ ಸಾಹೇಬರು ಬ್ರಾಂಚಿಗೆ ಬರುತ್ತಾರೆಂದರೆ ಹಿಂದಿನ ದಿನವೇ ಫೈಲುಗಳ ಧೂಳು ಹಾರುತ್ತಿತ್ತು, ನೀರಿನ ಫಿಲ್ಟರಿಗೆ ವರ್ಷಾವಧಿ ಸ್ನಾನವಾಗುತ್ತಿತ್ತು, ಅವರ ಮಧ್ಯಾಹ್ನದ ಊಟ ಎಲ್ಲಿಂದ ತರಿಸುವುದೆಂಬ ಬಗ್ಗೆ ಸಾಲ ಮಂಜೂರಾತಿಗಿಂತ ಗಂಭೀರವಾದ ಚರ್ಚೆ ನಡೆಯುತ್ತಿತ್ತು. ನಾನು ಚೀಫ್ ಮ್ಯಾನೇಜರ್ ಆಗಿ ನಿವೃತ್ತನಾದವನು. ಏಣಿಯಲ್ಲಿ ನನ್ನ ಮೇಲಿನ ಮೆಟ್ಟಿಲೇ ಎಜಿಎಂ. ಎರಡು ಸಲ ಇಂಟರ್‌ವ್ಯೂಗೆ ಹೋಗಿದ್ದೆ. ಎರಡು ಸಲವೂ ಹೊಸ ಟೈ ಕೊಂಡದ್ದಷ್ಟೇ ಲಾಭ.

ಹಾಗಾಗಿ ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಗಳು ವಿಡಿಯೋ ಕಾಲಿನಲ್ಲಿ "ಅಪ್ಪಾ, ಎಜಿಎಂ ಹೋಗಿರ್ಬೇಕು ಅನ್ಸುತ್ತೆ" ಎಂದಾಗ ನಾನು ಕನ್ನಡಕ ತೆಗೆದು, "ಅಯ್ಯೋ ಪಾಪ, ಯಾರು? ಯಾವಾಗ?" ಎಂದೆ.

"ಬ್ಯಾಟರಿ ಅಪ್ಪಾ. ಕಾರಿಂದು."

ಕಾರು ಅವಳದು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಆಸೆಪಟ್ಟು ಕೊಂಡ, ಜರ್ಮನ್ ಮೂಲದ ಕಂಪನಿಯ ಬಿಳಿ ಕಾರು. ಮೂರು ವರ್ಷದ ಹಿಂದೆ ಅಮೆರಿಕಕ್ಕೆ ಹೊರಟಾಗ "ಮಾರಿಬಿಡೇ" ಎಂದು ಅವಳ ಅಮ್ಮ ಹೇಳಿದಳು. "ಬೇಡ, ಒಂದೆರಡು ವರ್ಷದಲ್ಲಿ ಬಂದ್ಬಿಡ್ತೀನಿ" ಎಂದು ಮಗಳು ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಪೋರ್ಟಿಕೋದಲ್ಲಿ ಅದನ್ನು ನಿಲ್ಲಿಸಿ ಹೋದಳು. ಒಂದೆರಡು ಎನ್ನುವುದು ಕನ್ನಡದಲ್ಲಿ ಬಹಳ ಉದಾರವಾದ ಸಂಖ್ಯೆ. ಆ ಸಂಖ್ಯೆ ಬರೆದು ಯಾರಾದರೂ ಸಾಲದ ಅರ್ಜಿ ಕೊಟ್ಟಿದ್ದರೆ ನಾನು ವಾಪಸ್ಸು ಕಳಿಸುತ್ತಿದ್ದೆ.

ದಿನದ ಓಡಾಟಕ್ಕೆ ನನಗೆ ಸ್ಕೂಟರ್ ಇದೆ. ಕಾರಿಗೆ ಭಾನುವಾರದ ಸೇವೆ. ಕಾಫಿ ಮುಗಿಸಿ ಹೊದಿಕೆ ತೆಗೆದು, ಒರೆಸಿ, ಸ್ಟಾರ್ಟ್ ಮಾಡಿ, ನಿಂತಲ್ಲೇ ಹತ್ತು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡುತ್ತಿದ್ದೆ. ಮಲಗಿದ ರೋಗಿಯ ಕೈಕಾಲು ಆಡಿಸಿದ ಹಾಗೆ, ಬ್ಯಾಟರಿಗೆ ಒಳ್ಳೆಯದು ಎಂಬ ನಂಬಿಕೆ. ಆಮೇಲೆ ಇಂಜಿನ್ ಆಫ್ ಇಟ್ಟುಕೊಂಡೇ ಅರ್ಧ ಗಂಟೆ ರೇಡಿಯೋ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿ, ಇಡೀ ದೇಶದ ರೇಡಿಯೋಗೆ ಮುಂದೆ ಅಂಟಿಕೊಂಡ 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ ಊರು ಇದು. ಮೈಸೂರಿನವನು ರೇಡಿಯೋ ಕೇಳುವುದಕ್ಕೆ ಬೇರೆ ಕಾರಣ ಕೊಡಬೇಕಾಗಿಲ್ಲ. ಆದರೂ ನನ್ನಾಕೆ ಕೇಳುತ್ತಿದ್ದಳು: "ಮನೇಲಿ ರೇಡಿಯೋ ಇಲ್ವೇನ್ರೀ? ಅಲ್ಲೇ ಹೋಗಿ ಕೂರ್ಬೇಕಾ?" ಕಾರಿನ ಸ್ಪೀಕರ್ ಚೆನ್ನಾಗಿದೆ ಎಂದು ಹೇಳುತ್ತಿದ್ದೆ. ಸೀಟು ಮಗಳ ಎತ್ತರಕ್ಕೆ ಮುಂದಕ್ಕೆ ಎಳೆದದ್ದು ಹಾಗೇ ಇತ್ತು, ನನ್ನ ಮೊಣಕಾಲು ಸ್ಟಿಯರಿಂಗಿನ ಕೆಳಗೆ ತಗಲುತ್ತಿತ್ತು. ಸರಿಸಿಕೊಳ್ಳಬಹುದಿತ್ತು. ಸರಿಸಿರಲಿಲ್ಲ.

ತಿಂಗಳಿಗೊಮ್ಮೆ ನಂಜನಗೂಡಿಗೋ ಚಾಮುಂಡಿ ಬೆಟ್ಟಕ್ಕೋ ಹೋಗುವುದಿತ್ತು. ಮೊದಲ ಸಲ ಹೊರಟಾಗ ರಾಮಸ್ವಾಮಿ ಸರ್ಕಲ್ಲಿನ ಕೆಂಪು ದೀಪಕ್ಕೆ ನಿಂತೆ. ಇಂಜಿನ್ ತಾನೇ ಆಫ್ ಆಯಿತು. ಎದೆ ಧಸಕ್ಕೆಂದಿತು. ಹಿಂದೆ ಆಟೋ, ಪಕ್ಕದಲ್ಲಿ ನಗರ ಸಾರಿಗೆ ಬಸ್ಸು, ನಡುವೆ ಹೆಣವಾದ ಕಾರಿನಲ್ಲಿ ನಾನು. ಬ್ರೇಕಿನಿಂದ ಕಾಲೆತ್ತಿದ್ದೇ ಮತ್ತೆ ಗುರ್ ಎಂದು ಎದ್ದಿತು. ಮಗಳಿಗೆ ಫೋನು ಮಾಡಿದರೆ ಅವಳು ನಕ್ಕಳು. ಅದು ಕೆಟ್ಟದ್ದಲ್ಲವಂತೆ, ಸ್ಟಾರ್ಟ್-ಸ್ಟಾಪ್ ಅಂತೆ, ಸಿಗ್ನಲ್ಲಿನಲ್ಲಿ ಪೆಟ್ರೋಲು ಉಳಿಸಲು ಮಾಡಿದ ಏರ್ಪಾಡಂತೆ. ನನಗಂತೂ ಹಿಡಿಸಲಿಲ್ಲ. ನಾವು ಆಫ್ ಮಾಡದೆ ಆಫ್ ಆಗುವ ಇಂಜಿನ್ನನ್ನು ನನ್ನ ಕಾಲದವರು ನಂಬುವುದು ಕಷ್ಟ. ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ಕಾರು ಆ ಚಾಳಿ ಬಿಟ್ಟಿತು. ಎಂಥ ಸಿಗ್ನಲ್ಲಿನಲ್ಲೂ ಸುಮ್ಮನೆ ಗುರುಗುಟ್ಟುತ್ತ ನಿಲ್ಲತೊಡಗಿತು. ನನ್ನ ಕೈಗುಣಕ್ಕೆ ಕಾರು ಪಳಗಿತು ಎಂದು ಪಾರ್ಕಿನ ವಾಕಿಂಗ್ ಮಿತ್ರರ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ.

ಅದು ಕಾಯಿಲೆಯ ಮೊದಲ ಲಕ್ಷಣ ಎಂದು ತಿಳಿದದ್ದು ನಾಲ್ಕು ತಿಂಗಳ ಮೇಲೆ. ಬ್ಯಾಟರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡುವಷ್ಟು ಕಸುವು ಇದೆಯೋ ಇಲ್ಲವೋ ಎಂಬ ಅನುಮಾನ ಬಂದ ಕೂಡಲೆ ಕಾರಿನ ಕಂಪ್ಯೂಟರು ಸಿಗ್ನಲ್ಲಿನಲ್ಲಿ ಆಫ್ ಮಾಡುವುದನ್ನೇ ಬಿಟ್ಟುಬಿಡುತ್ತದೆ. ನಾನು ಗುಣವಾಯಿತು ಎಂದುಕೊಂಡಿದ್ದೆ. ಅದು ಉಸಿರು ಬಿಗಿಹಿಡಿದು ದಿನ ದೂಡುತ್ತಿತ್ತು.

ಏಪ್ರಿಲ್‌ನ ಆ ಬೆಳಿಗ್ಗೆ ರಿಮೋಟ್ ಒತ್ತಿದರೆ ಕಾರಿನಿಂದ ಕುಂಯ್ ಸದ್ದಿಲ್ಲ. ರಿಮೋಟಿನ ಹೊಟ್ಟೆಯೊಳಗೆ ಒಂದು ಕಬ್ಬಿಣದ ಕೀಲಿ ಅಡಗಿದೆ ಎಂದು ಮಗಳು ಆ ಕಡೆಯಿಂದ ಹೇಳಿದಳು. ಅದರಿಂದ ಡ್ರೈವರ್ ಬಾಗಿಲು ತೆರೆದೆ. ಬಾನೆಟ್ ಎತ್ತಿದೆ. ಬ್ಯಾಟರಿ ಇಲ್ಲ! ಎಡಕ್ಕೆ ಬಗ್ಗಿ ನೋಡಿದೆ, ಬಲಕ್ಕೆ ಬಗ್ಗಿ ನೋಡಿದೆ, ಪ್ಲಾಸ್ಟಿಕ್ ಮುಚ್ಚಳಗಳ ಸಂತೆ ಬಿಟ್ಟರೆ ಏನೂ ಕಾಣಲಿಲ್ಲ. ಮೂರು ವರ್ಷದಿಂದ ಭಾನುವಾರ ಭಾನುವಾರ ಸೇವೆ ಮಾಡಿದವನಿಗೆ ದೇವರು ಎಲ್ಲಿದ್ದಾನೆಂದೇ ಗೊತ್ತಿರಲಿಲ್ಲ.

"ಅದು ಡಿಕ್ಕೀಲಿದೆ ಅಪ್ಪಾ."

ಡಿಕ್ಕಿಯ ಬೀಗ ತೆರೆಯುವುದು ಕರೆಂಟಿನಿಂದ. ಕರೆಂಟು ಇರಬೇಕಾದದ್ದು ಬ್ಯಾಟರಿಯಲ್ಲಿ. ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಸ್ಟ್ರಾಂಗ್ ರೂಮಿನ ಎರಡು ಕೀಲಿಯನ್ನೂ ಸ್ಟ್ರಾಂಗ್ ರೂಮಿನೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು. ನಮ್ಮ ಬ್ಯಾಂಕಿನಲ್ಲಿ ಇಂಥದ್ದು ನಡೆದಿದ್ದರೆ ಎಜಿಎಂ ಖುದ್ದು ಬಂದು ಎಕ್ಸ್‌ಪ್ಲನೇಶನ್ ಕೇಳುತ್ತಿದ್ದರು. ಆದರೆ ಕಾರು ಮಾಡಿದವರು ಅಷ್ಟು ದಡ್ಡರಲ್ಲ. ಬಾನೆಟ್ ಕೆಳಗೆ ಒಂದು ಕೆಂಪು ಟೋಪಿ, ಅದರ ಅಡಿಯಲ್ಲಿ ಒಂದು ಮೊಳೆಯಂಥ ಟರ್ಮಿನಲ್ ಇಟ್ಟಿರುತ್ತಾರೆ. ಅದಕ್ಕೂ, ಪಕ್ಕದ ಬರಿಯ ಲೋಹದ ಬೋಲ್ಟಿಗೂ ಎದುರುಮನೆಯವರ ಕಾರಿನಿಂದ ಜಂಪ್ ಕೇಬಲ್ ಎಳೆದಾಗ ಡಿಕ್ಕಿ ಟಕ್ ಎಂದು ಬಾಯಿಬಿಟ್ಟಿತು. ಚಾಪೆ ಸರಿಸಿ ನೋಡಿದರೆ ಬಲಗಡೆ ಮೂಲೆಯಲ್ಲಿ, ಮಿಸುಕಾಡದ ಹಾಗೆ ಪಟ್ಟಿ ಬಿಗಿಸಿಕೊಂಡು, ಕಪ್ಪಗೆ, ಭಾರವಾಗಿ, ಗಂಭೀರವಾಗಿ ಕೂತಿದ್ದರು. ಮೈಮೇಲೆ ಪದವಿಯನ್ನು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದರು. ನನಗೆ ಒಲಿಯದ ಎಜಿಎಂ ಮೂರು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದರು.

ನಾನು ಮೊದಲು ಹುಡುಕಿದ್ದು ಮುಚ್ಚಳಗಳನ್ನು. ಬ್ಯಾಟರಿ ಎಂದರೆ ಆರು ಮುಚ್ಚಳ ಇರಬೇಕು, ಅದು ನನ್ನ ಬಾಲಪಾಠ. ಕಲಿಸಿದವನು ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಅಂಬಾಸಿಡರ್ ಇಟ್ಟುಕೊಂಡಿದ್ದ ನನ್ನ ಸೋದರಮಾವ. ತೆಂಗಿನ ತೋಟ ಅವನ ಹೊಟ್ಟೆಪಾಡು, ಅಂಬಾಸಿಡರ್ ಅವನ ಪ್ರಾಣ. ಬೇಸಿಗೆ ರಜಕ್ಕೆ ಹೋದರೆ ನನಗೆ ತೋರಿಸುತ್ತಿದ್ದ. ಮುಚ್ಚಳ ಬಿಚ್ಚಿದರೆ ಒಳಗೆ ಸಣ್ಣ ಬಾವಿ. ಬಾವಿಯ ತಳದಲ್ಲಿ ಸೀಸದ ತಟ್ಟೆಗಳು. ತಟ್ಟೆ ಮುಳುಗುವಷ್ಟು ಆಸಿಡ್ ನೀರು. ಒಂದೊಂದು ಮನೆಯಲ್ಲೂ ಎರಡು ವೋಲ್ಟಿಗಿಂತ ತುಸು ಹೆಚ್ಚು, ಆರು ಮನೆ ಸೇರಿ ಹನ್ನೆರಡು ಚಿಲ್ಲರೆ. ತಲೆಗೆ ರಬ್ಬರ್ ಬುರುಡೆ ಇರುವ ಗಾಜಿನ ಕೊಳವೆಯಿಂದ ಆ ನೀರನ್ನು ಹೀರಿ, ಒಳಗೆ ತೇಲುವ ಕಡ್ಡಿ ಎಲ್ಲಿ ನಿಂತಿತು ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಹೈಡ್ರೋಮೀಟರ್ ಎಂಬ ಹೆಸರು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಮಾವನಿಗೆ ಅದು 'ನಾಡಿ ನೋಡೋದು'. ಕಡ್ಡಿ ತೇಲಿದರೆ ಚಾರ್ಜಿದೆ, ಮುಳುಗಿದರೆ ಇಲ್ಲ. ನೀರು ಇಂಗಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಅದು ಸಿಗದಿದ್ದರೆ ಮೊದಲ ಮಳೆ ಬಿಟ್ಟು ಎರಡನೆಯ ಮಳೆಯ ನೀರನ್ನು ಅಂಗಳದ ನಡುವೆ ಬೋಸಿ ಇಟ್ಟು ಹಿಡಿದು, ಬಟ್ಟೆಯಲ್ಲಿ ಸೋಸಿ ಶೀಸೆಯಲ್ಲಿ ತುಂಬಿಡುತ್ತಿದ್ದ. ಮನೆಯಲ್ಲಿ ದೇವರ ತೀರ್ಥಕ್ಕಿಂತ ಆ ಶೀಸೆಗೆ ಹೆಚ್ಚು ಮಡಿ. ಅವನ ಪಂಚೆಗಳಲ್ಲೆಲ್ಲ ಆಸಿಡ್ ಹನಿ ಬಿದ್ದ ತೂತು. ಅತ್ತೆ ಆ ಪಂಚೆ ಒಣಹಾಕುವಾಗ ಆಕಾಶಕ್ಕೆ ಹಿಡಿದು, "ನಕ್ಷತ್ರ ನೋಡ್ಬೇಕಾದ್ರೆ ಬನ್ನಿ" ಎನ್ನುತ್ತಿದ್ದರು.

1987ರಲ್ಲಿ ಟೀವಿಯಲ್ಲಿ ರಾಮಾಯಣ ಬಂತು. ಆಗ ನಾನು ಬ್ಯಾಂಕಿಗೆ ಸೇರಿದ ಹೊಸದು, ಅರಸೀಕೆರೆಯಲ್ಲೇ ಪೋಸ್ಟಿಂಗ್, ಭಾನುವಾರ ಮಾವನ ಮನೆಯಲ್ಲಿ ಊಟ. ಹಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಕರೆಂಟಿನ ಭರವಸೆ ಇಲ್ಲ. ಹನ್ನೆರಡು ವೋಲ್ಟಿಗೆ ನಡೆಯುವ ಸಣ್ಣ ಕಪ್ಪು-ಬಿಳುಪು ಟೀವಿಯನ್ನು ಮಾವ ತಂದಿಟ್ಟಿದ್ದ. ಶನಿವಾರ ರಾತ್ರಿಯೇ ಅಂಬಾಸಿಡರಿನ ಬ್ಯಾಟರಿ ಬಿಚ್ಚಿ, ಇಬ್ಬರು ಹಿಡಿದು ಜಗಲಿಗೆ ತಂದು, ಗೋಣಿತಾಟಿನ ಮೇಲೆ ಪ್ರತಿಷ್ಠಾಪನೆ. ಭಾನುವಾರ ಬೆಳಗ್ಗೆ ಜಗಲಿ ತುಂಬ ಜನ. ಕೆಲವರು ಟೀವಿಗೆ ಊದುಬತ್ತಿ ಬೆಳಗಿದರೆ, ತಿಳಿದ ಒಬ್ಬ ಮುದುಕರು ಬ್ಯಾಟರಿಗೆ ಒಂದು ಹೂ ಇಡುತ್ತಿದ್ದರು. ನಿಜವಾಗಿ ಕಥೆ ನಡೆಸುವವರು ಯಾರೆಂದು ಅವರಿಗೆ ಗೊತ್ತಿತ್ತು. ಯುದ್ಧಕಾಂಡ ಲಂಬಿಸಿದಷ್ಟೂ ಮಾವನ ಬ್ಯಾಟರಿ ಸೊರಗಿತು. ಭಾನುವಾರ ಮಧ್ಯಾಹ್ನ ಯಾರಿಗಾದರೂ ಕಾರು ಬೇಕಾದರೆ ಸೆಲ್ಫ್ ಎತ್ತುತ್ತಿರಲಿಲ್ಲ. ಆಗ ಹ್ಯಾಂಡಲ್ಲೇ ಗತಿ. ಮುಂದಿನ ತೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸುವಾಗ ಹೆಬ್ಬೆರಳನ್ನು ಹಿಡಿಗೆ ಸುತ್ತಬಾರದು, ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಳ್ಳಬೇಕು. ಇಂಜಿನ್ ತಿರುಗಿ ಒದ್ದರೆ ಬೆರಳು ಮುರಿಯುತ್ತದೆ. ಕೆಟ್ಟರಿಂಗ್ ಎಂಬ ಅಮೆರಿಕದವನು 1912ರ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಕೂಡಿಸಿದ್ದೇ ಈ ಒದೆತದಿಂದ ಮನುಷ್ಯರನ್ನು ಕಾಪಾಡಿತು. ರಾವಣ ಸತ್ತ ವಾರ ನನ್ನ ಮಾವನಿಗೆ ಆ ಅನುಕೂಲ ಇರಲಿಲ್ಲ.

ಹೇಳಬೇಕಾದ್ದು ಇಷ್ಟು. ಆ ಬ್ಯಾಟರಿ ಮಾತಾಡುತ್ತಿತ್ತು. ಚಾರ್ಜಿಗೆ ಹಾಕಿದರೆ ಬುಳಬುಳ ಗುಳ್ಳೆ, ಮೂಗಿಗೆ ಘಾಟು, ಟರ್ಮಿನಲ್ ಮೇಲೆ ಹಸಿರು-ಬಿಳಿ ಬೂಷ್ಟು, ಬಿಸಿನೀರು ಸುರಿದು ತಿಕ್ಕಿ ವ್ಯಾಸಲೀನ್ ಸವರಿದರೆ ನಾಲ್ಕು ತಿಂಗಳು ತೆಪ್ಪಗೆ. ಸಾಯುವ ಮುಂಚೆ ವಾರಗಟ್ಟಲೆ ಘರ್ರ್... ಘರ್ರ್... ಎಂದು ನರಳಿ ನೆಂಟರಿಷ್ಟರಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು. ಡಿಕ್ಕಿಯಲ್ಲಿ ಕೂತ ಈ ಎಜಿಎಂ ಮೈಯಲ್ಲಿ ಬಾಯಿಯೇ ಇಲ್ಲ.

ಮಂಡಿ ಮೊಹಲ್ಲಾ ಕಡೆ ಹಳೆಯ ಬ್ಯಾಟರಿ ಅಂಗಡಿಯೊಂದಿದೆ. ಅಂಗಡಿಯ ಸಾಬರು ನನ್ನ ಕೈಯಿಂದಲೇ ಎಂದೋ ಸಾಲ ಪಡೆದು, ಕಂತು ತಪ್ಪದೆ ತೀರಿಸಿದವರು. ಅದಕ್ಕಿಂತ ದೊಡ್ಡ ಗುಣಪತ್ರ ನನ್ನಲ್ಲಿಲ್ಲ. ಹುಡುಗನೊಬ್ಬನನ್ನು ಮೀಟರ್ ಕೊಟ್ಟು ಕಳಿಸಿದರು. 11.3 ವೋಲ್ಟ್. ಪೂರ್ತಿ ತುಂಬಿದ ಎಜಿಎಂ 12.8ರ ಮೇಲಿರಬೇಕು, 12ಕ್ಕೆ ಇಳಿಯಿತೆಂದರೆ ಹೊಟ್ಟೆ ಬಹುಪಾಲು ಖಾಲಿ. ನಾನು ತಕ್ಷಣ ಹೊಸದಕ್ಕೆ ದುಡ್ಡು ಎಣಿಸಲು ಹೊರಟರೆ ಸಾಬರು ತಡೆದರು. "ಸತ್ತಿದೆ ಅಂತ ಈಗ್ಲೇ ಹೇಳೋಕಾಗಲ್ಲ ಸಾರ್. ಹಸಿವಿಗೂ ಹಿಂಗೇ ಮಲಗುತ್ತೆ. ಒಂದು ರಾತ್ರಿ ಚಾರ್ಜಿಗೆ ಹಾಕಿ ನೋಡೋಣ." ವ್ಯಾಪಾರ ಕೈಗೆ ಬಂದಿದ್ದಾಗ ಹೀಗೆ ಹೇಳುವವರು ಎಷ್ಟು ಮಂದಿ? ಎಜಿಎಂಗೆಂದೇ ಬೇರೆ ಚಾರ್ಜರ್ ಇಟ್ಟಿದ್ದರು. ಹಳೆಯ ಗ್ಯಾರೇಜು ಚಾರ್ಜರ್ ಹಾಕಿದರೆ ವೋಲ್ಟೇಜ್ ಹತೋಟಿಯಿಲ್ಲದೆ ಏರುತ್ತದೆ, 14.7ರ ಸುಮಾರಿಗೆ ಕಡಿವಾಣ ಹಾಕಬೇಕು. ಅತಿಯಾಗಿ ಕುದಿಸಿದರೆ ಒಳಗಿನ ನೀರು ಗ್ಯಾಸಾಗಿ ಸಣ್ಣ ವಾಲ್ವಿನಿಂದ ಹೊರಬೀಳುತ್ತದೆ. ಮಾವನ ಹಾಗೆ ಮಳೆನೀರು ಹಾಕೋಣವೆಂದರೆ ಮುಚ್ಚಳವಿಲ್ಲ.

ಆ ಹೊತ್ತಿಗೆ ನನಗೂ ಕುತೂಹಲ ಹತ್ತಿತ್ತು. ಒಳಗೆ ಏನಿದೆ ಎಂದು ಕೇಳಿದೆ. ಸಾಬರು ಮೂಲೆಯಲ್ಲಿ ಕೊಯ್ದಿಟ್ಟಿದ್ದ ಹಳೆಯ ಡಬ್ಬಿಯೊಂದನ್ನು ತೋರಿಸಿದರು. ಸೀಸದ ತಟ್ಟೆ, ಅದರ ಮೇಲೆ ಗಾಜಿನ ನಾರಿನ ಬಿಳಿ ಬಟ್ಟೆ, ಮತ್ತೆ ತಟ್ಟೆ, ಮತ್ತೆ ಬಟ್ಟೆ. ಚಿರೋಟಿಯ ಪದರದ ಹಾಗೆ ಒತ್ತೊತ್ತಾಗಿ ಅದುಮಿಟ್ಟದ್ದು. ಕೆಲವು ಕಂಪನಿಯವರು ಈ ಪದರಗಳನ್ನು ಪತ್ರೊಡೆಯ ಹಾಗೆ ಸುರುಳಿ ಸುತ್ತುವುದೂ ಉಂಟು. ಆಸಿಡ್ ಬಾವಿಯಲ್ಲಿ ನಿಂತಿರುವುದಿಲ್ಲ, ಆ ಗಾಜಿನ ಬಟ್ಟೆ ಅದನ್ನು ಹೀರಿ ಹಿಡಿದುಕೊಂಡಿರುತ್ತದೆ. ಇಂಗ್ಲಿಷಿನ ಮೂರಕ್ಷರದ ಅರ್ಥ ಇಷ್ಟೆ: ಆಬ್ಸಾರ್ಬೆಂಟ್ ಗ್ಲಾಸ್ ಮ್ಯಾಟ್, ಹೀರಿಕೊಳ್ಳುವ ಗಾಜಿನ ಚಾಪೆ. ಚಾರ್ಜ್ ಮಾಡುವಾಗ ಒಂದು ತಟ್ಟೆಯಲ್ಲಿ ಹುಟ್ಟಿದ ಆಮ್ಲಜನಕ ಆ ಚಾಪೆಯ ಸಂದಿಯಲ್ಲೇ ತೂರಿ ಇನ್ನೊಂದು ತಟ್ಟೆ ಸೇರಿ ಮತ್ತೆ ನೀರಾಗುತ್ತದೆ. ಆದ್ದರಿಂದಲೇ ನೀರು ಕೇಳುವುದಿಲ್ಲ. ಅದುಮಿಟ್ಟಿರುವುದರಿಂದ ನಮ್ಮ ರಸ್ತೆಯ ಹಂಪುಗಳಿಗೆ ತಟ್ಟೆಯ ಹಿಟ್ಟು ಉದುರುವುದೂ ಕಡಿಮೆ. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಸೀಸವನ್ನೂ ಆಸಿಡ್ಡನ್ನೂ ಕೂಡಿಸಿ ಮಾಡಿದ ಬ್ಯಾಟರಿಯೇ ಇದು, ಬಟ್ಟೆ ಉಡಿಸಿದ್ದು ಹೊಸದು.

ಮರುದಿನ ಸಾಬರು ಲೋಡ್ ಟೆಸ್ಟರ್ ಹಚ್ಚಿ ತೋರಿಸಿದರು. ವೋಲ್ಟೇಜ್ ಚೆನ್ನಾಗಿ ಏರಿತ್ತು, ಭಾರ ಕೊಟ್ಟ ಕೂಡಲೆ ಕುಸಿಯಿತು. ಲೇಬಲ್ ಮೇಲೆ 760 ಆಂಪಿಯರ್ ಎಂದಿದ್ದದ್ದು ಟೆಸ್ಟರಿನಲ್ಲಿ 280 ಎಂದಿತು. ಗುಣಪಡಿಸುವ ಹಂತ ದಾಟಿತ್ತು. ಕಾರಣ ಕೇಳಿದೆ. ಕೇಳಬಾರದಿತ್ತು.

"ಓಡಿಸ್ತಾ ಇರ್ಲಿಲ್ವಾ ಸಾರ್?"

"ಭಾನುವಾರ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿಡ್ತಿದ್ದೆ."

"ಅದೇ ಮತ್ತೆ" ಎಂದರು.

ಇಂಥ ಕಾರು ನಿದ್ದೆಯಲ್ಲೂ ತಿನ್ನುತ್ತದೆ. ಕಳ್ಳರ ಅಲಾರಂ, ರಿಮೋಟಿಗೆ ಕಾಯುವ ಕಿವಿ, ಹತ್ತಾರು ಸಣ್ಣ ಕಂಪ್ಯೂಟರುಗಳು. 30 ಮಿಲಿಆಂಪಿಯರ್ ಎಂದು ಹಿಡಿದರೂ ತಿಂಗಳಿಗೆ 21 ಆಂಪಿಯರ್-ಅವರ್ (ಎಎಚ್) ಮೇಲಾಯಿತು, 70 ಎಎಚ್ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಭಾಗ. ಮಿನಿಮಮ್ ಬ್ಯಾಲೆನ್ಸ್ ಇಲ್ಲದ ಖಾತೆಯಿಂದ ತಿಂಗಳು ತಿಂಗಳು ದಂಡ ಕಡಿದು ಅಸಲನ್ನೇ ಮುಗಿಸುವ ವಿದ್ಯೆ ನನಗೆ ಹೊಸದಲ್ಲ. ಎಷ್ಟೋ ಗಿರಾಕಿಗಳಿಂದ ಅದಕ್ಕಾಗಿ ಬೈಸಿಕೊಂಡಿದ್ದೇನೆ. ವಾರವಿಡೀ ಸೋರಿದ್ದನ್ನು ನಿಂತಲ್ಲೇ ಹತ್ತು ನಿಮಿಷ ಗುರುಗುಟ್ಟಿಸಿ ತುಂಬಲಾಗದು. ಎಜಿಎಂ ಹೊಟ್ಟೆಯ ಕೊನೆಯ ಪಾಲು ತುಂಬಲು ಗಂಟೆಗಳೇ ಬೇಕು. ಅದರ ಮೇಲೆ ಅರ್ಧ ಗಂಟೆ ರೇಡಿಯೋ. ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಇಟ್ಟರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ, ಮಳೆಗಾಲದ ಬೆಲ್ಲ ಬೇಸಿಗೆಯಲ್ಲಿ ಕಲ್ಲಾದ ಹಾಗೆ, ಮತ್ತೆ ಕರಗುವುದಿಲ್ಲ. ಅಂದರೆ ಮೂರು ವರ್ಷ ನಾನು ಮಾಡಿದ್ದು ಸೇವೆಯಲ್ಲ. ರೇಡಿಯೋ ವಿಷಯ ನನ್ನಾಕೆಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಇನ್ನು ವರಾನ್ವೇಷಣೆ. ಇದಕ್ಕೆ ಊರೆಲ್ಲ ಸಲಹೆಗಾರರು. ಎದುರುಮನೆಯವರ ಮೆಕ್ಯಾನಿಕ್ ಹೇಳಿದ: "ಸಾದಾ ಬ್ಯಾಟರಿ ಹಾಕ್ಸಿ ಸಾರ್, ಅರ್ಧ ರೇಟು. ಸ್ಟಾರ್ಟ್ ಆದ್ರೆ ಆಯ್ತಲ್ಲ." ನನ್ನ ಸ್ವಭಾವಕ್ಕೆ ತುಂಬ ಒಪ್ಪುವ ಮಾತು. ಸಾಬರು ಒಪ್ಪಲಿಲ್ಲ. ಸಾದಾದ್ದು ಬೆಳಿಗ್ಗೆ ಒಮ್ಮೆ ಸ್ಟಾರ್ಟರಿಗೆ ಜೋರಾಗಿ ಕೊಟ್ಟು, ಉಳಿದ ಹೊತ್ತು ತುಂಬಿಕೊಂಡು ಕೂರಲು ಹುಟ್ಟಿದ್ದು. ಸಿಗ್ನಲ್ ಸಿಗ್ನಲ್ಲಿಗೂ ಆಫ್ ಆಗಿ, ಆಗ ಎಸಿ ಫ್ಯಾನು, ದೀಪ, ಹಾಡು ಎಲ್ಲವನ್ನೂ ತಾನೇ ಹೊತ್ತು, ಮತ್ತೆ ಸ್ಟಾರ್ಟ್ ಮಾಡುವ ದುಡಿಮೆಗೆ ಬೇಗ ಸವೆಯುತ್ತದೆ. ಕಾರಿನ ಚಾರ್ಜಿಂಗೂ ಎಜಿಎಂ ಅಳತೆಗೇ ಹೊಂದಿಸಿದ್ದು. ಇವೆರಡರ ನಡುವೆ ಇಎಫ್‌ಬಿ ಎಂಬುದೊಂದಿದೆ, ಸಾದಾ ಬ್ಯಾಟರಿಯನ್ನೇ ಇನ್ನಷ್ಟು ಗಟ್ಟಿಮುಟ್ಟು ಮಾಡಿದ್ದು. ಬ್ಯಾಂಕಿನ ಭಾಷೆಯಲ್ಲಿ ಆಫೀಸಿಯೇಟಿಂಗ್. ಇಎಫ್‌ಬಿ ಇದ್ದಲ್ಲಿಗೆ ಎಜಿಎಂ ಬರಬಹುದು. ಎಜಿಎಂ ಇದ್ದಲ್ಲಿಗೆ ಇಎಫ್‌ಬಿಯನ್ನಾಗಲಿ ಸಾದಾವನ್ನಾಗಲಿ ತರಬಾರದು. ಅನುಲೋಮಕ್ಕೆ ಅನುಮತಿ, ಪ್ರತಿಲೋಮಕ್ಕೆ ಬಹಿಷ್ಕಾರ. ಬ್ಯಾಟರಿಗಳ ಲೋಕದಲ್ಲಿ ಇನ್ನೂ ಬಸವಣ್ಣ ಹುಟ್ಟಿಲ್ಲ.

ಜಾತಿ ನಿಶ್ಚಯವಾದ ಮೇಲೆ ಜಾತಕ. ಉದ್ದ 278 ಮಿಲಿಮೀಟರ್, ಅಗಲ 175, ಎತ್ತರ 190. ನನ್ನದು ದೊಡ್ಡ ಸಾಲ ಕೊಟ್ಟು ಅಭ್ಯಾಸವಾದ ಕೈ, "70 ಯಾಕೆ, 80 ಎಎಚ್‌ದೇ ಹಾಕಿ" ಎಂದೆ. ಅದರ ಉದ್ದ 315. ಮೂವತ್ತೇಳು ಮಿಲಿಮೀಟರ್ ಹೆಚ್ಚಾದ ವರ ಡಿಕ್ಕಿಯ ತೊಟ್ಟಿಲಲ್ಲಿ ಕೂರುವುದಿಲ್ಲ. ಆಮೇಲೆ ಪ್ಲಸ್ ಬಲಕ್ಕಿದೆಯೋ ಎಡಕ್ಕಿದೆಯೋ ನೋಡಬೇಕು. ತಪ್ಪಿದರೆ ತಂತಿ ಗೇಣುದ್ದ ಮೋಟಾಗುತ್ತದೆ. ಡಿಕ್ಕಿಯಲ್ಲಿ ಕೂರುವ ಬ್ಯಾಟರಿಗೆ ಪಕ್ಕದಲ್ಲೊಂದು ಸಣ್ಣ ತೂತು, ಅದಕ್ಕೊಂದು ಕೊಳವೆ ಇರಬೇಕು. ಎಂದಾದರೂ ವಾಲ್ವ್ ಬಾಯಿಬಿಟ್ಟರೆ ಗ್ಯಾಸು ಕಾರಿನೊಳಗೆ ಸೇರದೆ ಹೊರಕ್ಕೆ ಹೋಗಲಿ ಎಂದು. ಆತುರದ ಹುಡುಗರು ಮರೆಯುವುದು ಈ ಕೊಳವೆಯನ್ನೇ.

ನನಗೆ ಬಹಳ ಮೋಜೆನಿಸಿದ್ದು ಆ 760. ಕೋಲ್ಡ್ ಕ್ರ್ಯಾಂಕಿಂಗ್ ಎಂದು ಅದರ ಹೆಸರು. ಮೈನಸ್ 18 ಡಿಗ್ರಿ ಚಳಿಯಲ್ಲಿ ಬ್ಯಾಟರಿ ಕುಗ್ಗದೆ ಕೆಲವು ಕ್ಷಣ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಪರೀಕ್ಷೆ. ಯುರೋಪಿನ ಪದ್ಧತಿಯಲ್ಲಿ ಒಂದು ಅಂಕಿ, ಅಮೆರಿಕದ ಪದ್ಧತಿಯಲ್ಲಿ ಅದೇ ಬ್ಯಾಟರಿಗೆ ಇನ್ನೊಂದು. ಎರಡು ಡಬ್ಬಿ ಹೋಲಿಸುವಾಗ ಒಂದೇ ಪದ್ಧತಿಯ ಅಂಕಿ ನೋಡಬೇಕು. ಮೈನಸ್ 18 ಎಲ್ಲಿಂದ ಬಂತೆಂದರೆ ಅಮೆರಿಕದವರ ಸೊನ್ನೆ ಫ್ಯಾರನ್‌ಹೀಟು ನಮ್ಮ ಲೆಕ್ಕದಲ್ಲಿ ಅಷ್ಟಾಗುತ್ತದೆ. ಹೊರಗೆ ಮೂವತ್ತಾರು ಡಿಗ್ರಿ ಬಿಸಿಲು. ನಾನೂ ಸಾಬರೂ ಕಬ್ಬಿನ ಹಾಲು ಕುಡಿಯುತ್ತ ಮೈನಸ್ 18ರ ಅಂಕಿ ತೂಗಿ ನೋಡುತ್ತಿದ್ದೇವೆ. ರಾಯಚೂರಿನಲ್ಲಿ, ಕಲಬುರಗಿಯಲ್ಲಿ ಬ್ಯಾಟರಿ ಕೊಳ್ಳುವವರೂ ಇದೇ ಅಂಕಿಯನ್ನೇ ಓದಬೇಕು. ನಮ್ಮ ಕಡೆ ಬ್ಯಾಟರಿಯನ್ನು ಕೊಲ್ಲುವುದು ಸೆಕೆ. ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಕಸುಬಿನವರ ಲೆಕ್ಕ. ಜರ್ಮನರು ಎಜಿಎಂ ಸಾಹೇಬರನ್ನು ಇಂಜಿನ್ನಿನ ಕಾವಿನಿಂದ ದೂರ, ಡಿಕ್ಕಿಯ ನೆರಳಲ್ಲಿ ಕೂರಿಸಿದ್ದು ಆ ಮಟ್ಟಿಗೆ ನಮಗೂ ಉಪಕಾರವಾಯಿತು. ಸೆಕೆಯ ತಾಳಿಕೆ ಎಷ್ಟೆಂಬ ಅಂಕಿಯನ್ನು ಯಾರೂ ಅಷ್ಟು ದಪ್ಪಕ್ಷರದಲ್ಲಿ ಬರೆಯುವುದಿಲ್ಲ.

ಸಾಬರು ಕೊನೆಗೆ ಎರಡು ಕಂಪನಿಯವನ್ನು ಮುಂದಿಟ್ಟರು. ಎರಡರ ಮೇಲೂ ತಯಾರಾದ ತಿಂಗಳ ಗುರುತು ಓದಿಸಿದರು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಮಲಗಿದ್ದನ್ನು ಹೊಸದೆಂದು ಕೊಳ್ಳಬಾರದು, ಆರು ತಿಂಗಳೊಳಗಿನದಾದರೆ ಒಳ್ಳೆಯದು. ಒಂದಕ್ಕೆ ಬೆಲೆ ಕಡಿಮೆ, ವಾರಂಟಿ ಗಿಡ್ಡ. ಇನ್ನೊಂದಕ್ಕೆ ಬೆಲೆ ಎರಡೂವರೆ ಸಾವಿರ ಹೆಚ್ಚು, ವಾರಂಟಿ ಉದ್ದ. ಮೊದಲ ಕೆಲವು ತಿಂಗಳು ಕೆಟ್ಟರೆ ಬದಲಿ, ಆಮೇಲೆ ಪ್ರೋರೇಟಾ, ಬಳಸಿದಷ್ಟು ಕಳೆದು ಉಳಿದದ್ದಕ್ಕೆ ರಿಯಾಯಿತಿ.

"ಎಷ್ಟು ವರ್ಷದ್ದು ಕೊಡ್ಲಿ ಸಾರ್?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಿನಿಯಾಪೊಲಿಸ್‌ನಲ್ಲಿ ಆಗ ನಡುರಾತ್ರಿ. ಸಂಜೆ ಹೇಳುತ್ತೇನೆಂದು ಬಂದೆ.

ರಾತ್ರಿ ಎಂಟಕ್ಕೆ ಮಗಳು ಸಿಕ್ಕಳು. ಮೈನಸ್ 18ರ ಕಥೆ ಹೇಳಿದೆ. "ಇಲ್ಲಿ ಜನವರೀಲಿ ಅದು ನಿಜವಾಗ್ಲೂ ಬರುತ್ತೆ ಅಪ್ಪಾ, ಅದಕ್ಕಿಂತ ಕೆಳಗೂ ಹೋಗುತ್ತೆ" ಎಂದಳು. ಅಲ್ಲಿ ಕೆಲವರು ರಾತ್ರಿ ಇಂಜಿನ್ನಿಗೆ ಹೀಟರಿನ ವೈರು ಸಿಕ್ಕಿಸಿ ಮಲಗುತ್ತಾರಂತೆ. ಅವಳೂ ಅಲ್ಲೊಂದು ಕಾರು ಕೊಂಡಿದ್ದಳು. ನಮಗೆ ಅದು ಗೊತ್ತಿತ್ತು, ಬ್ಯಾಟರಿಯ ಮಾತಿಗೆ ಮತ್ತೆ ನೆನಪಾಯಿತು.

"ಎರಡು ಥರ ಇದೆ ಪುಟ್ಟೀ. ಒಂದಕ್ಕೆ ವಾರಂಟಿ ಕಮ್ಮಿ, ಒಂದಕ್ಕೆ ಜಾಸ್ತಿ. ಯಾವ್ದು ತಗೊಳ್ಲಿ?"

ಪರದೆ ಸಿಕ್ಕಿಹಾಕಿಕೊಂಡಿದೆಯೇನೋ ಎನ್ನುವಷ್ಟು ಹೊತ್ತು ಅವಳು ಸುಮ್ಮನಿದ್ದಳು.

"ಜಾಸ್ತಿ ಇರೋದೇ ತಗೋ ಅಪ್ಪಾ."

ನನ್ನಾಕೆ ಹಾಲಿಗೆ ಹೆಪ್ಪು ಹಾಕಬೇಕೆಂದು ಒಳಗೆ ಎದ್ದು ಹೋದಳು.

ಮಾರನೆ ದಿನ ಹದಿನೇಳು ಸಾವಿರದ ಚಿಲ್ಲರೆಗೆ ವ್ಯವಹಾರ ಮುಗಿಯಿತು. ಹಳೆಯದನ್ನು ಕೊಟ್ಟಿದ್ದಕ್ಕೆ ಎರಡು ಸಾವಿರ ಮುರಿದುಕೊಂಡರು. ಸತ್ತ ಬ್ಯಾಟರಿಗೂ ಬೆಲೆಯಿರುವುದು ಸೀಸದ ದೆಸೆಯಿಂದ, ಕರಗಿಸಿ ಮತ್ತೆ ತಟ್ಟೆ ಮಾಡುತ್ತಾರೆ. ಕಸದವರಿಗೆ ಕೊಡುವಂತಿಲ್ಲ, 2022ರ ನಿಯಮದಂತೆ ಹಳೆಯದನ್ನು ವಾಪಸ್ಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಇಪ್ಪತ್ತು ಕೆ.ಜಿ. ಸಾಹೇಬರನ್ನು ಹುಡುಗ ಸೊಂಟಕ್ಕೆ ಆನಿಸಿಕೊಂಡು ಎತ್ತಿದ. ಬೀಳ್ಕೊಡುಗೆ ಸಮಾರಂಭವಿಲ್ಲ, ಶಾಲು ಹಾರವಿಲ್ಲ.

ಕೂರಿಸಿದ ಮೇಲೂ ಒಂದು ಕೆಲಸ ಉಳಿದಿತ್ತು. ಹುಡುಗ ಸ್ಟಿಯರಿಂಗ್ ಕೆಳಗೆ ಒಂದು ಪುಟ್ಟ ಸಾಧನ ಸಿಕ್ಕಿಸಿ ಕಾರಿಗೆ 'ಹೊಸ ಬ್ಯಾಟರಿ ಬಂದಿದೆ' ಎಂದು ತಿಳಿಸಬೇಕು. ಮೈನಸ್ ತುದಿಗೆ ಕಚ್ಚಿಕೊಂಡ ಸೆನ್ಸರು ಬ್ಯಾಟರಿಯ ಜಮಾ-ಖರ್ಚು ಬರೆದಿಡುತ್ತಿರುತ್ತದೆ, ವಯಸ್ಸಾದಂತೆಲ್ಲ ಅದಕ್ಕೆ ತಕ್ಕ ಹಾಗೆ ಚಾರ್ಜು ಬದಲಿಸುತ್ತದೆ. ಹೇಳದಿದ್ದರೆ ಹೊಸಬನನ್ನೂ ಮುದುಕನೆಂದೇ ತಿಳಿದು ನಡೆಸಿಕೊಳ್ಳುತ್ತದೆ. ಹಳೆಯ ಖಾತೆ ಮುಚ್ಚಿ ಹೊಸ ಖಾತೆ ತೆರೆಯುವುದು. ನನಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಸಾಬರು ಇನ್ನೊಂದು ಸಣ್ಣ ಚಾರ್ಜರನ್ನೂ ಕೊಡಿಸಿದರು, ನಿಲ್ಲಿಸಿಟ್ಟಾಗ ಸಿಕ್ಕಿಸಿಡಲು. ಅದು ತುಂಬಿದ ಮೇಲೆ ತಾನೇ ಸುಮ್ಮನಾಗುತ್ತದೆ. ಭಾನುವಾರದ ಹತ್ತು ನಿಮಿಷಕ್ಕೆ ಅಂತ್ಯ. ಬದಲಿಗೆ ವಾರಕ್ಕೊಮ್ಮೆ ಅರ್ಧ-ಮುಕ್ಕಾಲು ಗಂಟೆ ರಸ್ತೆಯ ಮೇಲೆ ಓಡಿಸಬೇಕೆಂದು ಅಪ್ಪಣೆಯಾಯಿತು. ಅಷ್ಟು ಹೊತ್ತು ಮೊಣಕಾಲು ಮಡಿಸಿ ಕೂರಲಾಗದು. ಸೀಟನ್ನು ಹಿಂದಕ್ಕೆ ಸರಿಸಿದೆ.

ಮೊದಲ ಎರಡು ದಿನ ಕಾರು ಯಾವ ಸಿಗ್ನಲ್ಲಿನಲ್ಲೂ ಆಫ್ ಆಗಲಿಲ್ಲ. ಫೋನು ಮಾಡಿದರೆ ಸಾಬರು "ಹೊಸಬರ ಲೆಕ್ಕ ತಿಳ್ಕೋಬೇಕಲ್ಲ ಸಾರ್, ಒಂದೆರಡು ದಿನ ಬಿಡಿ" ಎಂದರು. ಮೂರನೆಯ ಸಂಜೆ ನಂಜನಗೂಡಿನಿಂದ ವಾಪಸ್ಸು ಬರುತ್ತ ರಾಮಸ್ವಾಮಿ ಸರ್ಕಲ್ಲಿನಲ್ಲಿ ಕೆಂಪು ಬಿತ್ತು. ಬ್ರೇಕ್ ಒತ್ತಿದೆ. ಗುರುಗುಟ್ಟುತ್ತಿದ್ದ ಇಂಜಿನ್ ತಣ್ಣಗೆ ನಿಂತಿತು. ಹಿಂದೆ ಆಟೋದವನು ಸುಮ್ಮಸುಮ್ಮನೆ ಹಾರ್ನ್ ಹೊಡೆದ. ನನಗೆ ಹಿಡಿಸಲಾರದಷ್ಟು ಸಂತೋಷವಾಗಿ ಪಕ್ಕಕ್ಕೆ ತಿರುಗಿದೆ.

ನನ್ನಾಕೆ ಪ್ರಸಾದದ ಪೊಟ್ಟಣ ಎದೆಗವಚಿಕೊಂಡು ಕೇಳಿದಳು: "ಏನ್ರೀ, ಮತ್ತೆ ಕೆಟ್ಟೋಯ್ತಾ?"